ಕಲೆಯೂ ಕೆಂಬೆಳಕೂ

ಕನ್ನಡದಲ್ಲಿ ‘ಕಲೆ’ ಎಂಬ ಮಾತಿಗೆ ಎರಡು ಅರ್ಥ. ಒಂದು ಸಂಸ್ಕೃತದಿಂದ ಬಂದದ್ದು. ಅದನ್ನು ಕಲಿಸಲು ಮಕ್ಕಳನ್ನು ಗುರುಗಳ ಬಳಿಗೆ ಕಳಿಸುತ್ತೇವೆ. ಇನ್ನೊಂದು ಅಚ್ಚಗನ್ನಡದ್ದು, ಅದನ್ನು ಅಳಿಸಲು ಮುಲಾಮು ಹುಡುಕುತ್ತೇವೆ. ಗಾಯ ಮಾಯ್ದ ಮೇಲೂ ಚರ್ಮದಲ್ಲಿ ಉಳಿಯುವ ಈ ಎರಡನೆಯ ಕಲೆಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿತು. ಅದನ್ನು ಮಾಸುವಂತೆ ಮಾಡುವುದೆಂಬ ಕೆಂಪು ದೀಪವೊಂದು ಕಾವೇರಿಯ ದಂಡೆಯ ನಮ್ಮ ನೆಲ್ಯಹುದಿಕೇರಿಗೂ ಬಂದಿಳಿದಿದೆ.

ಕೆಂಬೆಳಕಿನ ಮೇಲಣ ಆಸೆ ಇಂದಿನದಲ್ಲ. ಸಿಡುಬು ಲೋಕವನ್ನು ಕಾಡುತ್ತಿದ್ದಾಗ, 1893ರಲ್ಲಿ, ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್ ಅವರು, ರೋಗಿಗಳನ್ನು ಕೆಂಬೆಳಕಿನ ಕೋಣೆಯಲ್ಲಿ ಮಲಗಿಸಿದರೆ ಮುಖದಲ್ಲಿ ಕುಳಿ ಬೀಳುವುದು ತಪ್ಪೀತು ಎಂದು ಸೂಚಿಸಿದರು. ಅವರಿಗೆ 1903ರಲ್ಲಿ ನೊಬೆಲ್ ಬಹುಮಾನ ಬಂದದ್ದು ಚರ್ಮದ ಕ್ಷಯವನ್ನು ಬೆಳಕಿನಿಂದ ಗುಣಪಡಿಸಿದ್ದಕ್ಕಾಗಿ; ಸಿಡುಬಿನ ಕೆಂಪು ಕೋಣೆ ಮಾತ್ರ ಮುಂದಿನವರ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. 1980ರಲ್ಲಿ ಸಿಡುಬು ನಿರ್ಮೂಲವಾಯಿತೆಂದು ಸಾರುವಂತಾದದ್ದು ಇನ್ನೊಂದು ಕಲೆಯಿಂದ: ತೋಳಿನ ಮೇಲೆ ದಾಕು ಹಾಕಿದ ಗುರುತಿನಿಂದ. ಹಿರಿಯರ ತೋಳುಗಳಲ್ಲಿ ಅದು ಈಗಲೂ ಉಂಟು. ಅದನ್ನು ನಾಚಿ ಮುಚ್ಚಿಕೊಂಡವರನ್ನು ನಾನು ಕಂಡಿಲ್ಲ.

ಈಗಿನ ದೀಪದ ವಂಶ ಬೇರೆ. 1967ರ ಸುಮಾರಿಗೆ ಬುಡಾಪೆಸ್ಟಿನಲ್ಲಿ ಎಂಡ್ರೆ ಮೆಸ್ಟರ್ ಎಂಬ ವೈದ್ಯರು, ಲೇಸರಿನ ಕೆಂಬೆಳಕು ಕ್ಯಾನ್ಸರ್ ತಂದೀತೇ ಎಂದು ಇಲಿಗಳ ಮೇಲೆ ಪರೀಕ್ಷಿಸಿದರು. ಕ್ಯಾನ್ಸರ್ ಬರಲಿಲ್ಲ, ಬೋಳಿಸಿದ ಜಾಗದಲ್ಲಿ ಕೂದಲು ಬೇಗ ಬೆಳೆಯಿತು. ಈ ಚಿಕಿತ್ಸೆ ಅಲ್ಲಿಂದ ಬೆಳೆದದ್ದು. 630ರಿಂದ 660 ನ್ಯಾನೊಮೀಟರಿನ ಬೆಳಕನ್ನು ಜೀವಕೋಶದ ಮೈಟೊಕಾಂಡ್ರಿಯ ಹೀರಿಕೊಂಡು ಚುರುಕಾಗುತ್ತದೆ ಎಂಬುದು ಅದರ ಹಿಂದಿನ ವಾದ. ಕೆಲವರಲ್ಲಿ ಹೊಸ ಕಲೆ ಮೆತ್ತಗಾಗಿ ಬಣ್ಣ ಮಾಸಿದ್ದುಂಟು. ಆದರೆ ನಡೆದ ಪರೀಕ್ಷೆಗಳು ಸಣ್ಣವು, ಫಲ ಎಲ್ಲರಿಗೂ ಒಂದೇ ಅಲ್ಲ. ಹಳೆಯ ಕಲೆಯನ್ನು ಇಲ್ಲವಾಗಿಸುವ ದೀಪ ಇನ್ನೂ ಹುಟ್ಟಿಲ್ಲ.

ಕಲೆಯೆಂದರೆ ಗಾಯದ ಗುರುತೆಂದು ತಿಳಿಯುತ್ತೇವೆ. ನಿಜವಾಗಿ ಅದು ಗಾಯ ಮಾಯ್ದದ್ದರ ಗುರುತು. ಚರ್ಮ ಹರಿದಾಗ ದೇಹ ಅಂದ ನೋಡುತ್ತ ಕೂರುವುದಿಲ್ಲ. ರಕ್ತ ನಿಲ್ಲಬೇಕು, ನಂಜು ಒಳಗೆ ಬರಬಾರದು ಎಂದು ಅವಸರದಲ್ಲಿ ತೇಪೆ ಹಾಕುತ್ತದೆ. ಆಮೇಲೆ ತಿಂಗಳುಗಟ್ಟಲೆ ಅದನ್ನು ತಿದ್ದುತ್ತಲೇ ಇರುತ್ತದೆ. ಎಷ್ಟು ತಿದ್ದಿದರೂ ಮೊದಲಿನ ಬಲದಲ್ಲಿ ಹೆಚ್ಚೆಂದರೆ ನೂರಕ್ಕೆ 80 ಪಾಲು ಮರಳುತ್ತದೆ, ಅಷ್ಟೆ.

ಇಷ್ಟು ಉಪಕಾರ ಮಾಡಿದ ಕಲೆಯನ್ನು ಅಳಿಸಹೊರಡುವುದು ಸರಿಯೇ? ಚರ್ಮವನ್ನು ಎಳೆದು ಹಿಡಿಯುವ, ಉಬ್ಬಿ ಬೆಳೆಯುವ ಕಲೆಗಳ ಮಾತು ಬೇರೆ; ಅವು ವೈದ್ಯರ ಪಾಲಿನವು. ಬರಿಯ ನೋಟಕ್ಕೆ ಸಂಬಂಧಿಸಿದ ಕಲೆಯಾದರೆ, ‘ಬಂದದ್ದನ್ನು ಒಪ್ಪಿಕೊಂಡು ಬಾಳಬೇಕು, ಅಂದ ಮನಸ್ಸಿನಲ್ಲಿರಬೇಕು’ ಎನ್ನುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕೇಳಲು ಹಿತವಾದ ಮಾತು. ಆದರೆ ಅದನ್ನಾಡುವವರ ಮುಖ ಸಾಮಾನ್ಯವಾಗಿ ನುಣುಪಾಗಿರುತ್ತದೆ.

ಆ ದೀಪ ತರಿಸಿದವಳು ನಮ್ಮ ನೆರೆಮನೆಯ ಹುಡುಗಿ. ಎಳವೆಯಲ್ಲಿ ಕುದಿಯುವ ಗಂಜಿ ಬಿದ್ದು ಅವಳ ಕೆನ್ನೆಯಲ್ಲಿ ಅಂಗೈಯಗಲದ ಕಲೆ. ದಿನವೂ ಬಸ್ಸಿನಲ್ಲಿ ಮಡಿಕೇರಿಗೆ ಹೋಗಿ ಕೆಲಸ ಮಾಡಿ ಬರುತ್ತಾಳೆ. ‘ಇಷ್ಟು ಹಳೆಯದು ಹೋಗ್ತದೇನಮ್ಮ?’ ಎಂದು ಕೇಳಿದೆ.

‘ಹೋಗೋದಿಲ್ಲ ಅಂತ ಡಾಕ್ಟ್ರೂ ಹೇಳಿದ್ದಾರೆ ಅಂಕಲ್. ಚಂದ ಕಾಣಬೇಕು ಅಂತಲೂ ಅಲ್ಲ. ಬಸ್ಸಲ್ಲಿ ಪಕ್ಕ ಕೂತವರು ಏನಾಯ್ತು ಅಂತ ಕೇಳದಷ್ಟು ಮಾಸಿದ್ರೆ ಸಾಕು. ಆ ಗಂಜಿ ಕಥೆ ದಿನಾ ಹೇಳಿದ್ರೆ ದಿನಾ ಸುಟ್ಟುಕೊಂಡ ಹಾಗೇ ಆಗ್ತದೆ.’

ರೋಗ ಎಲ್ಲಿದೆ ಎಂಬುದನ್ನು ಈ ಮಾತು ತೋರಿಸಿಕೊಡುತ್ತದೆ. ಅವಳ ಕೆನ್ನೆ ಮಾಯ್ದು ಎಷ್ಟೋ ವರ್ಷವಾಯಿತು. ಮಾಯದೆ ಉಳಿದಿರುವುದು ನಮ್ಮ ಕುತೂಹಲ. ಕಲೆ ಕಂಡೊಡನೆ ಕಥೆ ಕೇಳುವುದು ನಮ್ಮ ಹಕ್ಕೆಂದು ಭಾವಿಸಿದ್ದೇವೆ. ಅದಕ್ಕೆ ಕನಿಕರವೆಂದು ಹೆಸರಿಟ್ಟಿದ್ದೇವೆ. ಒಬ್ಬರ ನೋವಿನ ಕಥೆ ಅವರ ಸ್ವಂತ ಆಸ್ತಿ. ಹೇಳುವುದೂ ಬಿಡುವುದೂ ಅವರ ಇಷ್ಟ. ನಮ್ಮ ಪ್ರಶ್ನೆಯಿಂದ ಪಾರಾಗಲು ಆ ಹುಡುಗಿ ಸಂಬಳದ ಹಣ ಕೊಟ್ಟು ದೀಪ ಕೊಳ್ಳಬೇಕಾಯಿತು. ನಾವು ಕೇಳುವುದನ್ನು ಬಿಟ್ಟರೆ ಆ ದೀಪದ ಅರ್ಧ ಕೆಲಸ ವಿದ್ಯುತ್ತಿಲ್ಲದೆಯೇ ಆದೀತು.

ಹಾಗೆಂದು ಎಲ್ಲ ಕಲೆಗಳ ಮುಂದೆಯೂ ಸುಮ್ಮನಿರಬೇಕೆಂದು ನಾನು ಹೇಳಲಾರೆ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ನಮ್ಮೂರಿನ ದಂಡೆಯ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ನೆಲದ ಇಂಥ ಕೆಂಪು ಗಾಯಗಳ ಮೇಲೆ ನಮ್ಮ ಮಳೆಗೆ ಹಸಿರು ಬೇಗ ಹಬ್ಬುತ್ತದೆ. ಯಾವ ದೀಪವೂ ಬೇಡ. ಏನಾಯಿತು, ಏಕಾಯಿತು ಎಂದು ಕೇಳುತ್ತಲೇ ಇರಬೇಕಾದದ್ದು ಅಲ್ಲಿ. ಇಳಿಜಾರನ್ನು ಕಡಿದವರು ಯಾರು, ಬಡವರು ಹೊಳೆಯಂಚಿನಲ್ಲೇ ಮನೆ ಕಟ್ಟಬೇಕಾಗಿ ಬಂದದ್ದೇಕೆ ಎಂದು ಕೇಳದಿದ್ದರೆ, ಮುಂದಿನ ಮಳೆಯಲ್ಲಿ ಮತ್ತೆ ಅವರ ಮನೆಯೇ ಹೋದೀತು. ಹುಡುಗಿಯ ಕಲೆಗೆ ಉತ್ತರ ಕೊಡುವ ಹೊಣೆ ಯಾರದೂ ಅಲ್ಲ. ಊರಿನ ಕಲೆಗೆ ಉತ್ತರ ಕೊಡಬೇಕಾದವರು ಉಂಟು.

ನಾವು ಮಾಡುವುದು ಇದಕ್ಕೆ ತಿರುವುಮುರುವು. ಬಸ್ಸಿನ ಒಳಗೆ ಹುಡುಗಿಯ ಕೆನ್ನೆಯನ್ನು ಪ್ರಶ್ನಿಸುತ್ತೇವೆ; ಕಿಟಕಿಯ ಹೊರಗೆ ಬೆಟ್ಟವನ್ನು ಕಂಡು ‘ಎಷ್ಟು ಹಸಿರು!’ ಎನ್ನುತ್ತೇವೆ.