ಜಿಂಕೆ ಇಟ್ಟ ದೂರ

ತುಮಕೂರಿನಿಂದ ದೇವರಾಯನದುರ್ಗಕ್ಕೆ ಹೊರಟವರು ನಾಮದ ಚಿಲುಮೆಯಲ್ಲಿ ಇಳಿಯದೆ ಮುಂದೆ ಹೋಗುವುದು ಕಡಿಮೆ. ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ರಾಮ ಬಾಣ ಬಿಟ್ಟ, ಚಿಲುಮೆ ಉಕ್ಕಿತು ಎನ್ನುವುದು ಸ್ಥಳಪುರಾಣ. ಅಲ್ಲೇ ಪಕ್ಕದಲ್ಲಿ ಅರಣ್ಯ ಇಲಾಖೆಯ ಜಿಂಕೆವನ. ರಾಮಬಾಣದ ಪಕ್ಕದಲ್ಲೇ ಜಿಂಕೆ! ಮಾರೀಚ ನೆನಪಾಗಿ ನನಗೆ ಪ್ರತಿ ಸಲವೂ ನಗು ಬರುತ್ತದೆ.

ಬೇಲಿಯೊಳಗಿನ ಜಿಂಕೆ ತಂತಿಯ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ನಮ್ಮ ಜಿಲ್ಲೆಯದೇ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿ ನೋಡಿ, ಮಾತೇ ಬೇರೆ. 798 ಎಕರೆಯ ಆ ಹುಲ್ಲುಗಾವಲು 2007ರಿಂದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು. ಜೀಪು ಮೆಲ್ಲಗೆ ಸಾಗಿದರೆ ಕೃಷ್ಣಮೃಗ ಒಮ್ಮೆ ಕತ್ತೆತ್ತಿ ನೋಡಿ ಮತ್ತೆ ಮೇಯುತ್ತದೆ. ನೀವು ಕೆಳಗಿಳಿದಿರೋ, ಕಿವಿ ನಿಮಿರುತ್ತದೆ. ಎರಡು ಹೆಜ್ಜೆ ಅದರ ಕಡೆಗೇ ಇಟ್ಟರೆ ಒಂದು ಚಂಗನೆ ನೆಗೆಯುತ್ತದೆ, ಹಿಂದೆಯೇ ಇಡೀ ಹಿಂಡು. ಗಾಲಿಗಿಂತ ಎರಡು ಕಾಲಿಗೇ ಅದರ ಭಯ ಹೆಚ್ಚು.

ಗುಬ್ಬಿ ಸೀಮೆಯ ನಮ್ಮ ತಾತ ಹರೆಯದಲ್ಲಿ ಹೊಸತೊಡಕಿನ ಬೇಟೆಗೆ ಹೋದವರು. ತಮಟೆ ಬಡಿದು ಕೂಗುತ್ತಾ ಪ್ರಾಣಿಗಳನ್ನು ಸೋವಿಕೊಂಡು ಹೋಗುವುದು ಒಂದು ಗುಂಪು, ಕಂಡಿಯಲ್ಲಿ ಕಾದು ಕೂರುವುದು ಇನ್ನೊಂದು. ಮೊದಲ ದಿನ ಸಿಕ್ಕಷ್ಟು ಎರಡನೇ ದಿನ ಸಿಗುತ್ತಿರಲಿಲ್ಲವಂತೆ. ಮುದಿ ಜಿಂಕೆ ಓಡುವುದನ್ನೇ ಬಿಟ್ಟು ಲಂಟಾನದ ಮೆಳೆಯಲ್ಲಿ ಅಡಗಿ, ಸೋವುವವರು ಹಾದುಹೋದ ಮೇಲೆ ಹಿಂದಕ್ಕೆ ನುಸುಳುತ್ತಿತ್ತು. ಹಗಲಲ್ಲಿ ಕೆರೆಗೆ ಬರುತ್ತಿದ್ದ ಹಿಂಡು ನಡುರಾತ್ರಿ ಬರತೊಡಗುತ್ತಿತ್ತು. “ಗದ್ದಲ ಮಾಡಿದಷ್ಟೂ ಕಾಡು ಖಾಲಿ ಕಾಣ್ತದೆ ಕಣ್ಲಾ. ಖಾಲಿ ಆಗಿರಕ್ಕಿಲ್ಲ, ಅಷ್ಟೆ,” ಎನ್ನುತ್ತಿದ್ದರು. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಆರು ಖಂಡಗಳ 62 ಜಾತಿಯ ಸಸ್ತನಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಹೇಳಿದ್ದೂ ಇದನ್ನೇ: ಮನುಷ್ಯನ ಕಾಟ ಹೆಚ್ಚಿದಲ್ಲಿ ಪ್ರಾಣಿಗಳು ಇರುಳಿಗೆ ಸರಿಯುತ್ತವೆ. ಬೇಟೆಗಾರನಷ್ಟೇ ಅಲ್ಲ, ಸುಮ್ಮನೆ ನಡೆದುಹೋಗುವವನೂ ಅವಕ್ಕೆ ಕಾಟವೇ.

ಈ ಮಾತು ನನಗೆ ಅರ್ಥವಾದದ್ದು ಕಾಡಿನಲ್ಲಲ್ಲ, ಮನೆಯಲ್ಲಿ. ಮಗಳ ಎರಡನೇ ಪಿಯುಸಿಯ ವರ್ಷ. ಅವಳು ಎದುರಿಗೆ ಸಿಕ್ಕಾಗಲೆಲ್ಲ “ಎಷ್ಟು ಓದಿದೆ?” ಎಂದು ಕೇಳುತ್ತಿದ್ದೆ. ಅದು ಕಾಳಜಿ ಎಂದೇ ನನ್ನ ನಂಬಿಕೆ; ತಮಟೆ ಬಡಿಯುವವನಿಗೆ ತಮಟೆಯ ಸದ್ದು ಗೊತ್ತಾಗುವುದಿಲ್ಲ. ಮೊದಲು ಅವಳು ಹಜಾರಕ್ಕೆ ಬರುವುದು ನಿಂತಿತು. ಆಮೇಲೆ ಊಟಕ್ಕೆ ಜೊತೆಯಲ್ಲಿ ಕೂರುವುದು. ಒಂದು ರಾತ್ರಿ ನಾನು ನೀರು ಕುಡಿಯಲು ಎದ್ದಾಗ ಅವಳು ಅಡುಗೆಮನೆಯ ಲೈಟು ಹಾಕದೆ, ಸ್ಟೌ ಪಕ್ಕ ನಿಂತೇ ತಣ್ಣಗಾದ ಮುದ್ದೆ ಉಣ್ಣುತ್ತಿದ್ದಳು. ನನ್ನ ಹೆಜ್ಜೆ ಸದ್ದಿಗೆ ಕೈಯ ತುತ್ತು ಹಾಗೇ ನಿಂತಿತು. ಮೈದನಹಳ್ಳಿಯಲ್ಲಿ ಕಂಡ ಅದೇ ಕಣ್ಣು.

ಮಾರನೆಯ ದಿನದಿಂದ ಕೇಳುವುದನ್ನು ಬಿಟ್ಟೆ. ಬಿಟ್ಟೊಡನೆ ಎಲ್ಲ ಸರಿಹೋಗುತ್ತದೆಂದು ಎಣಿಸಿದ್ದೆ. ಬೇಟೆಯನ್ನು ನಿಷೇಧಿಸಿದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಐವತ್ತು ವರ್ಷ ದಾಟಿದರೂ ಕೃಷ್ಣಮೃಗ ನಮ್ಮನ್ನು ಇನ್ನೂ ದೂರದಲ್ಲೇ ಇಟ್ಟಿದೆ. ಮಗಳು ಈಗ ಕೆಲಸಕ್ಕೆ ಸೇರಿದ್ದಾಳೆ, ಹಬ್ಬಕ್ಕೆ ಊರಿಗೆ ಬರುತ್ತಾಳೆ, ನಗುನಗುತ್ತಾ ಮಾತಾಡುತ್ತಾಳೆ. ಊಟ ಮಾತ್ರ ನಾನು ಮಲಗಿದ ಮೇಲೆಯೇ.