ಕಾವಲಿಲ್ಲದ ಪರೀಕ್ಷೆ

ಅಣ್ಣನ ಮಗಳು ಆನ್‌ಲೈನಿನಲ್ಲಿ ಒಂದು ಕಂಪ್ಯೂಟರ್ ಕೋರ್ಸು ಕಲಿಯುತ್ತಿದ್ದಾಳೆ. ಪರೀಕ್ಷೆಯೂ ಮನೆಯಲ್ಲೇ. ಅಂತರಸಂತೆಯ ನಮ್ಮ ಜಗಲಿಯಲ್ಲಿ ಮೊಬೈಲು ಹಿಡಿದು ಕೂತವಳು, “ಅತ್ತೆ, ಆ ನೋಟ್ಸಲ್ಲಿ ಮೂರನೇ ಪಾಠ ತೆಗೆದು ಓದಿ” ಅಂದಳು. ನಾನು ಓದಿಬಿಟ್ಟೆ! ಒಂದಲ್ಲ, ನಾಲ್ಕು ಉತ್ತರ. ನಡುವೆ ಯಾರಾದರೂ ಬಂದಾರೇನೋ ಎಂದು ಬೀದಿಯ ಕಡೆ ಕತ್ತೆತ್ತಿ ನೋಡಿದ್ದೂ ಉಂಟು. ತಪ್ಪೇ ಅಲ್ಲವೆಂದಮೇಲೆ ಯಾರ ಭಯ?

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೊಠಡಿಗಳಲ್ಲಿ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ ಶೇ. 73.40ಕ್ಕೆ ಇಳಿಯಿತು. ಇದೇ ಜಗಲಿಯಲ್ಲಿ ಕೂತು “ಈಗಿನ ಮಕ್ಕಳು!” ಎಂದು ಆಡಿಕೊಂಡವಳು ನಾನೇ. ಜಗಲಿಗೆ ಯಾರು ಕ್ಯಾಮೆರಾ ತರುತ್ತಾರೆ? ತಂದರೂ ಅದಕ್ಕೆ ಕಾಣುವುದು ಅವಳ ಮುಖ, ಪಕ್ಕದಲ್ಲಿ ನೋಟ್ಸು ಹಿಡಿದ ಅತ್ತೆಯಲ್ಲ.

ಐದನೇ ಪ್ರಶ್ನೆಗೆ ನೋಟ್ಸು ಮುಚ್ಚಿದೆ. “ನಂಬರು ಹೋಗುತ್ತಲ್ಲ, ಎಲ್ಲರೂ ಹೀಗೇ ಮಾಡೋದು” ಎಂದು ಮುನಿಸಿಕೊಂಡಳು. ಇರಬಹುದು. ಆದರೆ ಎಲ್ಲೋ ಒಬ್ಬಳು ನಿದ್ದೆಗೆಟ್ಟು ಓದಿ ಬರೆದಿರುತ್ತಾಳಲ್ಲ, ಅವಳ ಅಂಕದ ಬೆಲೆ ಇಳಿಸುವ ಹಕ್ಕು ನನಗೆಲ್ಲಿಂದ ಬಂತು?

ಸಂಜೆ ಅವರೆಕಾಯಿ ಸುಲಿಯುತ್ತಾ, “ಆ ಮೂರನೇ ಪಾಠ ನನಗೂ ಹೇಳಿಕೊಡು ಪುಟ್ಟಿ” ಎಂದೆ. ನನಗೆ ತಿಳಿಯದ್ದನ್ನೆಲ್ಲ ಕೇಳಿದೆ, ಅದೇನು ಕಡಿಮೆಯೇ! ಎರಡು ಕಡೆ ತಡವರಿಸಿದಳು, ಆಮೇಲೆ ತಾನೇ ಎದ್ದು ನೋಟ್ಸು ತಂದಳು.

ಆ ನಾಲ್ಕು ಉತ್ತರಗಳ ಅಂಕ ಮಾತ್ರ ಅವಳ ಲೆಕ್ಕದಲ್ಲೇ ಇದೆ. ಅದನ್ನೇನು ಮಾಡುವುದೆಂದು ಅವಳೂ ಕೇಳಿಲ್ಲ, ನಾನೂ ಎತ್ತಿಲ್ಲ.