ಹೆಸರಿಲ್ಲದ ಸುದ್ದಿಗೆ ಹೊಣೆ ಯಾರು?

ದಿನಪತ್ರಿಕೆಯ ಯಾವುದೋ ಪುಟದ ಅಡಿಯಲ್ಲಿ ಯಾರೂ ಓದದ ಒಂದು ಸಾಲಿರುತ್ತದೆ. ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು, ಅಚ್ಚಾದದ್ದು ಎಲ್ಲಿ ಎಂಬ ವಿವರ. ಪತ್ರಿಕೋದ್ಯಮದ ಚರಿತ್ರೆಯನ್ನು ಈ ಒಂದು ಸಾಲಿನ ಮೂಲಕವೂ ಓದಬಹುದು. ಹರಡಿದ ಮಾತಿಗೆ ಉತ್ತರ ಕೊಡುವವರು ಯಾರು ಎಂಬ ಪ್ರಶ್ನೆ ಸುದ್ದಿಯಷ್ಟೇ ಹಳೆಯದು.

ಕ್ರಿ.ಪೂ. 59ರಲ್ಲಿ ಕಾನ್ಸಲ್ ಆದ ಜೂಲಿಯಸ್ ಸೀಸರ್, ರೋಮಿನ ಸೆನೆಟ್ ಮತ್ತು ಜನಸಭೆಗಳ ಕಲಾಪವನ್ನು ದಿನದಿನವೂ ಬರೆದು ಪ್ರಕಟಿಸುವ ಪದ್ಧತಿ ತಂದ. ಪತ್ರಿಕೆಯ ಪೂರ್ವಜ ಎನಿಸಿಕೊಂಡ 'ಆಕ್ಟಾ ಡಿಯುರ್ನಾ' ಇದೇ. ಅದರ ಒಡೆತನ ಪ್ರಭುತ್ವದ್ದು. ಹಾಗಾಗಿ ಮುಂದೆ ಆಗಸ್ಟಸ್ ಸೆನೆಟ್ಟಿನ ಕಲಾಪದ ಪ್ರಕಟಣೆಯನ್ನು ನಿಲ್ಲಿಸಿಯೂಬಿಟ್ಟ. ನಮ್ಮ ಹಳ್ಳಿಗಳ ಡಂಗುರವೂ ಇದೇ ಜಾತಿಯದು. ಸಾರುವವನ ಮುಖ ಊರಿಗೆಲ್ಲ ಗೊತ್ತು, ಆದರೆ ಮಾತು ಹೇಳಿಸಿದವರದು.

ಅಚ್ಚುಮೊಳೆ ಬಂದ ಮೇಲೆ ಖಾಸಗಿ ವ್ಯಕ್ತಿಯೂ ತನ್ನ ಹೆಸರಿನಲ್ಲಿ ಊರಿಗೆ ಮಾತು ಹೇಳುವಂತಾಯಿತು. ಅದಕ್ಕೆ ಬೆಲೆಯೂ ತೆರಬೇಕಾಯಿತು. 1780ರಲ್ಲಿ ಕಲ್ಕತ್ತೆಯಲ್ಲಿ 'ಬೆಂಗಾಲ್ ಗೆಜೆಟ್' ಆರಂಭಿಸಿದ ಜೇಮ್ಸ್ ಅಗಸ್ಟಸ್ ಹಿಕಿ, ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನನ್ನು ಟೀಕಿಸಿ ಜೈಲು ಸೇರಿದ. 1867ರ ಕಾಯ್ದೆ ಪ್ರತಿ ಪತ್ರಿಕೆಯೂ ಮುದ್ರಕ, ಪ್ರಕಾಶಕರ ವಿವರ ಘೋಷಿಸಬೇಕೆಂದಿತು. ವಸಾಹತು ಸರ್ಕಾರಕ್ಕೆ ಯಾರನ್ನು ಹಿಡಿಯಬೇಕೆಂದು ತಿಳಿಯಲು ಅದು ಅನುಕೂಲವೇ ಆಯಿತು. 'ಕೇಸರಿ'ಯ ಬರಹಗಳಿಗಾಗಿ ತಿಲಕರು 1908ರಲ್ಲಿ ಆರು ವರ್ಷಗಳ ಶಿಕ್ಷೆಗೆ ಗುರಿಯಾಗಿ ಮಂಡಾಲೆಗೆ ಹೋದರು.

ಹಾಗಾದರೆ ಹೆಸರು ಮರೆಸುವುದೇ ಸ್ವಾತಂತ್ರ್ಯವಲ್ಲವೇ? ಬಲಶಾಲಿಗಳ ಗುಟ್ಟು ಬಿಚ್ಚುವ ಸಣ್ಣ ನೌಕರನಿಗೆ ಮರೆ ಬೇಕೇ ಬೇಕು, ನಿಜ. ಆದರೆ ಆ ಮರೆ ಹುಟ್ಟುವುದು ಎಲ್ಲಿಂದ? ಸಂಪಾದಕ ತನ್ನ ಹೆಸರನ್ನು ಮುಂದೆ ಹಿಡಿದದ್ದರಿಂದಲೇ ಸುದ್ದಿ ಕೊಟ್ಟವನು ಹಿಂದೆ ಉಳಿಯಬಹುದು. ಒಬ್ಬರು ಅಡಗಬೇಕಾದರೆ ಇನ್ನೊಬ್ಬರು ಎದುರು ನಿಲ್ಲಬೇಕು. ಆಳುವವರ ಅನುಕೂಲಕ್ಕೆ ಒದಗಿದ ಅದೇ ಸಾಲು ಓದುಗನಿಗೂ ಒಂದು ಬಾಗಿಲಾಯಿತು: ಸುಳ್ಳು ಅಚ್ಚಾದರೆ ಯಾರನ್ನು ಕೇಳಬೇಕೆಂದು ಗೊತ್ತಿತ್ತು.

ಮೊಬೈಲಿನ ಸುದ್ದಿಯಲ್ಲಿ ಎದುರು ನಿಲ್ಲುವವರೇ ಇಲ್ಲ. 2018ರ ಜುಲೈನಲ್ಲಿ, ಬೀದರ್ ಜಿಲ್ಲೆಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪೊಂದು ಹೈದರಾಬಾದಿನ ಯುವ ಎಂಜಿನಿಯರ್‌ ಒಬ್ಬರನ್ನು ಹೊಡೆದು ಕೊಂದಿತು. ಇಂಥ ಕೊಲೆಗಳ ಬಳಿಕ ವಾಟ್ಸ್‌ಆ್ಯಪ್, 'ಫಾರ್ವರ್ಡೆಡ್' ಎಂಬ ಗುರುತು ಹಾಕತೊಡಗಿತು. ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಕಳಿಸುವ ಮಿತಿ ತಂದಿತು. ಆದರೆ ಆ ಗುರುತು ಹೇಳುವುದು 'ಇದು ಕಳಿಸಿದವರ ಮಾತಲ್ಲ' ಎಂದು ಮಾತ್ರ. ಯಾರ ಮಾತೆಂದು ಹೇಳುವುದಿಲ್ಲ.

'ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ' ಎನ್ನುವುದು ಡಂಗುರದವನ ಸಮಜಾಯಿಷಿ. ಅವನಿಗಾದರೂ ಸಾರದಿರುವ ಆಯ್ಕೆ ಇರಲಿಲ್ಲ, ನಮಗಿದೆ. ಕಾನೂನು ಏನೇ ಹೇಳಲಿ, ಒಂದು ಮಾತನ್ನು ಹತ್ತು ಜನಕ್ಕೆ ದಾಟಿಸುವ ಗಳಿಗೆಯಲ್ಲಿ ನಾವು ಅದರ ಪ್ರಕಾಶಕರೇ. 'ಇದರ ಕೆಳಗೆ ನನ್ನ ಹೆಸರು, ಊರು ಅಚ್ಚು ಹಾಕಲು ಒಪ್ಪುತ್ತೇನೆಯೇ?' ಎಂದು ಕೇಳಿಕೊಳ್ಳಲು ಅರೆ ನಿಮಿಷ ಸಾಕು. ಒಪ್ಪಲಾಗದ ಮಾತನ್ನು ಮುಂದಕ್ಕೆ ಕಳಿಸುವ ಹಕ್ಕು ನಮಗೆಲ್ಲಿಂದ ಬಂತು?